ಬೀದರ್‌ನ ಅಂಗಡಿ ನಾಲ್ಕು ದೇಶದ ಗೂಗಲ್‌ನಲ್ಲಿ ಸಿಗಬೇಕಾದರೆ

ಬೀದರ್‌ನ ಹಳೆಯ ಕಾವಲು ಗೋಪುರ ಚೌಬಾರದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಬಿದರಿ ಮನೆತನದ ಕಾರ್ಖಾನೆ ಇದೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಎರಡು ಕೋಣೆ. ಒಂದರಲ್ಲಿ ತಂದೆ ಕೂತು ಹೂದಾನಿಯ ಮೇಲೆ ಉಳಿಯಿಂದ ಬಳ್ಳಿ ಕೊರೆಯುತ್ತಾರೆ. ಆ ಗೀರಿನಲ್ಲಿ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಇನ್ನೊಂದರಲ್ಲಿ ಮಗ ಲ್ಯಾಪ್‌ಟಾಪ್ ಮುಂದೆ ಕೂತು ಆರ್ಡರ್ ನೋಡುತ್ತಾನೆ. ಅವರ ಆನ್‌ಲೈನ್ ಅಂಗಡಿಯ ಕೆಲಸ ಮಾಡಿಕೊಡುವುದು ನಾನು.

ಒಂದು ದಿನ ಮಗ ಫೋನ್ ಮಾಡಿದ. “ಅಕ್ಕಾ, ಲಂಡನ್‌ದವರು ಒಬ್ಬರು ಮೆಸೇಜ್ ಮಾಡ್ಯಾರ. ಗೂಗಲ್‌ದಾಗ ನಮ್ಮ ಅಂಗಡಿ ಸಿಕ್ತಂತ. ಆದ್ರ ರೇಟು ರೂಪಾಯಿದಾಗ ತೋರಸ್ತದಂತ. ನಮ್ಮ ದೇಶಕ್ಕ ಕಳಸ್ತೀರೋ ಇಲ್ಲೋ ಅಂತ ಕೇಳಲಕತ್ತಾರ.”

ಆಗಲೇ ಎರಡು ವರ್ಷದಿಂದ ನಾವು ಬ್ರಿಟನ್‌ಗೆ ಕಳಿಸುತ್ತಿದ್ದೆವು. ಆದರೆ ಆ ಮಾತು ಪುಟದಲ್ಲಿ ಎಲ್ಲೂ ಇರಲಿಲ್ಲ. ಆ ಲಂಡನ್ ಗಿರಾಕಿ ಕೇಳಿದರು, ಸರಿ. ಕೇಳದೆ ಪುಟ ಮುಚ್ಚಿ ಹೋದವರು ಎಷ್ಟು ಜನವೋ.

ಗೂಗಲ್‌ನಲ್ಲಿ ಹುಡುಕಿದವರಿಗೆ ನಮ್ಮ ಪುಟ ಸಿಗುವ ಹಾಗೆ ಮಾಡುವುದಕ್ಕೆ ಎಸ್‌ಇಒ ಅಂತಾರೆ. ಹಲವು ದೇಶಕ್ಕೆ ಮಾರುವ ಅಂಗಡಿಯ ಎಸ್‌ಇಒದಲ್ಲಿ ಕೆಲಸ ಎರಡೇ. ಪ್ರತಿ ದೇಶದ ಗಿರಾಕಿಗೆ ಅವರದೇ ಪುಟ ಮಾಡಿಡಬೇಕು. ಆ ಪುಟ ಯಾರಿಗಾಗಿ ಅಂತ ಗೂಗಲ್‌ಗೆ ಗೊಂದಲ ಇಲ್ಲದ ಹಾಗೆ ಹೇಳಬೇಕು. ಕಲಬುರಗಿಯಲ್ಲಿ ಕೂತು ದುಬೈಗೆ ತೊಗರಿಬೇಳೆ ಮಾರುವವರಿಗೂ ದಾರಿ ಇದೇ. ನಮ್ಮ ಬಿದರಿ ಅಂಗಡಿಗೆ ಮಾಡಿದ್ದನ್ನೇ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ಯಾವ ದೇಶ ಅಂತ ಮೊದಲು ತೀರ್ಮಾನಿಸಿ

“ಇಡೀ ಜಗತ್ತಿಗೆ ಮಾರ್ತೀವಿ” ಅಂತ ಶುರು ಮಾಡಬೇಡಿ. ಎರಡು ದೇಶ ಆರಿಸಿಕೊಳ್ಳಿ, ಜಾಸ್ತಿ ಅಂದರೆ ಮೂರು. ಆರಿಸುವುದು ಕಷ್ಟ ಅಲ್ಲ. ಗೂಗಲ್‌ನಲ್ಲಿ ನಿಮ್ಮ ಪುಟ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ತೆರೆದು ಪರ್ಫಾರ್ಮೆನ್ಸ್ ವರದಿಯಲ್ಲಿ ದೇಶಗಳ ಪಟ್ಟಿ ನೋಡಿ. ಯಾವ ದೇಶದಲ್ಲಿ ನಿಮ್ಮ ಪುಟ ತುಂಬ ಸಲ ಕಾಣಿಸಿದೆ, ಆದರೆ ಒತ್ತಿದವರು ಕಡಿಮೆ? ಅಲ್ಲಿ ಹುಡುಕುವವರು ಇದ್ದಾರೆ, ನಿಮ್ಮ ಪುಟ ಅವರಿಗೆ ಹೊಂದುತ್ತಿಲ್ಲ. ಅದರ ಪಕ್ಕದಲ್ಲಿ ಆರ್ಡರ್ ಪುಸ್ತಕವನ್ನೂ ಇಟ್ಟು ನೋಡಿ. ನಮಗೆ ಅಮೆರಿಕ, ಬ್ರಿಟನ್ ಎರಡೂ ಕಡೆ ಬಂದವು. ಜರ್ಮನಿಯನ್ನು ಆಮೇಲೆ ಸೇರಿಸಿದೆವು.

ಇಲ್ಲೇ ಒಂದು ವಿಷಯ ತಲೆಯಲ್ಲಿರಲಿ. ಭಾಷೆ ಬೇರೆ, ದೇಶ ಬೇರೆ. ಅಮೆರಿಕ, ಬ್ರಿಟನ್ ಎರಡರಲ್ಲೂ ಇಂಗ್ಲಿಷ್ ನಡೆಯುತ್ತದೆ. ಆದರೆ ಹಣ, ಅಳತೆ, ತೆರಿಗೆ, ಹಬ್ಬ ಎಲ್ಲ ಬೇರೆ.

ವಿಳಾಸ ಹೇಗಿರಬೇಕು

ಮೂರು ದಾರಿ ಇವೆ. ದೇಶಕ್ಕೊಂದು ಡೊಮೇನ್ ಕೊಳ್ಳಬಹುದು, ಭಾರತಕ್ಕೆ ಡಾಟ್ ಇನ್, ಜರ್ಮನಿಗೆ ಡಾಟ್ ಡಿಇ ಹಾಗೆ. ಡೊಮೇನ್ ಹೆಸರಿನ ಮುಂದೆ ದೇಶದ ಹೆಸರು ಸೇರಿಸಿ ಸಬ್‌ಡೊಮೇನ್ ಮಾಡಬಹುದು. ಇಲ್ಲವೇ ಒಂದೇ ಡೊಮೇನ್ ಇಟ್ಟುಕೊಂಡು ಅದರ ಕೆಳಗೆ ದೇಶಕ್ಕೊಂದು ಫೋಲ್ಡರ್ ಇಡಬಹುದು. ಸಣ್ಣ ಅಂಗಡಿಗೆ ಫೋಲ್ಡರೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೇಶಕ್ಕೊಂದು ಡೊಮೇನ್ ಇಟ್ಟರೆ ಪ್ರತಿಯೊಂದನ್ನೂ ಸೊನ್ನೆಯಿಂದ ಬೆಳೆಸಬೇಕು. ಒಂದೇ ಡೊಮೇನ್ ಆದರೆ ಎಲ್ಲಿಂದ ಒಳ್ಳೆಯ ಲಿಂಕ್ ಸಿಕ್ಕರೂ ಇಡೀ ಅಂಗಡಿಗೆ ಅದರ ಬಲ ಸಿಗುತ್ತದೆ.

ಒಂದು ತಪ್ಪು ಮಾತ್ರ ಮಾಡಬೇಡಿ. ಒಂದೇ ವಿಳಾಸದಲ್ಲಿ, ನೋಡುವವರು ಎಲ್ಲಿದ್ದಾರೆ ಅಂತ ಪತ್ತೆ ಹಚ್ಚಿ ಬೆಲೆಯನ್ನಷ್ಟೇ ಬದಲಿಸುವ ಪ್ಲಗಿನ್, ಅಂದರೆ ಅಂಗಡಿಗೆ ಸೇರಿಸುವ ಸಣ್ಣ ತಂತ್ರಾಂಶ, ಇರುತ್ತವೆ. ನೋಡುವುದಕ್ಕೆ ಚೆಂದ. ಆದರೆ ಗೂಗಲ್‌ಗೆ ಕಾಣುವುದು ಒಂದೇ ಪುಟ, ಒಂದೇ ಬೆಲೆ. ಪೌಂಡ್ ಬೆಲೆ ಇರುವ ಪುಟಕ್ಕೆ ತನ್ನದೇ ವಿಳಾಸ ಇದ್ದರೆ ಮಾತ್ರ ಬ್ರಿಟನ್‌ನವರಿಗೆ ಅದನ್ನು ತೋರಿಸಲು ಆಗುತ್ತದೆ. ಆನ್‌ಲೈನ್ ಅಂಗಡಿ ಕಟ್ಟಲು ಶಾಪಿಫೈ ಬಳಸುವವರು ಮಾರ್ಕೆಟ್ಸ್ ಅನ್ನುವ ಸೌಲಭ್ಯದಲ್ಲಿ ಫೋಲ್ಡರ್ ಮಾಡಿಕೊಳ್ಳಬಹುದು. ಅಂಥದೇ ಇನ್ನೊಂದಾದ ವೂಕಾಮರ್ಸ್‌ನಲ್ಲಿ ಇದಕ್ಕೆ ಪ್ಲಗಿನ್ ಬೇಕು.

ಯಾವ ಪುಟ ಯಾರಿಗೆ: ಎಚ್‌ರೆಫ್‌ಲ್ಯಾಂಗ್

ಹೆಚ್ಚಿನವರು ಎಡವುವುದು ಇಲ್ಲಿ. ಸ್ವಲ್ಪ ನಿಧಾನಕ್ಕೆ ಓದಿ.

ಎಚ್‌ರೆಫ್‌ಲ್ಯಾಂಗ್ ಅನ್ನುವುದು ಪುಟದ ಕೋಡ್‌ನಲ್ಲಿ, ಹೆಡ್ ಭಾಗದಲ್ಲಿ ಬರೆಯುವ ಒಂದು ಗುರುತು. “ಇದೇ ಹೂದಾನಿಯ ಪುಟ ಅಮೆರಿಕದವರಿಗೆ ಈ ವಿಳಾಸದಲ್ಲಿದೆ, ಬ್ರಿಟನ್‌ನವರಿಗೆ ಆ ವಿಳಾಸದಲ್ಲಿದೆ” ಅಂತ ಅದು ಹೇಳುತ್ತದೆ. ಗೂಗಲ್ ಇದನ್ನು 2011ರಲ್ಲಿ ತಂದಿತು. ಹೆಡ್‌ನಲ್ಲಿ ಬರೆಯಲು ಆಗದಿದ್ದರೆ ಸೈಟ್‌ಮ್ಯಾಪ್‌ನಲ್ಲೂ, ಅಂದರೆ ಅಂಗಡಿಯ ಎಲ್ಲ ಪುಟಗಳ ಪಟ್ಟಿ ಇರುವ ಫೈಲ್‌ನಲ್ಲೂ, ಬರೆಯಬಹುದು.

ನಮ್ಮ ಎಂಟು ಇಂಚಿನ ಹೂದಾನಿಯ ಉದಾಹರಣೆ ನೋಡಿ. ಅದಕ್ಕೆ ನಾಲ್ಕು ಪುಟ ಇವೆ: ಭಾರತ, ಅಮೆರಿಕ, ಬ್ರಿಟನ್, ಜರ್ಮನಿ. ಅವುಗಳ ಗುರುತು ಇಎನ್-ಐಎನ್, ಇಎನ್-ಯುಎಸ್, ಇಎನ್-ಜಿಬಿ ಮತ್ತು ಡಿಇ. ಕೋಡ್‌ನಲ್ಲಿ ಇವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ನಡುವೆ ಅಡ್ಡಗೆರೆ ಇರಬೇಕು, ಅಂಡರ್‌ಸ್ಕೋರ್ ನಡೆಯುವುದಿಲ್ಲ. ಐದನೆಯ ಸಾಲು ಎಕ್ಸ್-ಡಿಫಾಲ್ಟ್. ಬೇರೆ ಯಾವ ಸಾಲಿಗೂ ಹೊಂದದ ದೇಶದವರಿಗೆ ತೋರಿಸುವ ಪುಟ ಅದು. ಈ ಐದೂ ಸಾಲು ನಾಲ್ಕೂ ಪುಟದಲ್ಲಿ ಇರಬೇಕು. ಪ್ರತಿ ಪುಟ ತನ್ನ ಹೆಸರನ್ನೂ ತಾನು ಹೇಳಿಕೊಳ್ಳಬೇಕು. ವಿಳಾಸ ಪೂರ್ತಿ ಬರೆಯಬೇಕು, ಎಚ್‌ಟಿಟಿಪಿಎಸ್‌ನಿಂದ ಹಿಡಿದು ಕೊನೆಯ ಗೆರೆಯವರೆಗೆ.

ಇದು ಮದುವೆ ಮಾತುಕತೆ ಇದ್ದ ಹಾಗೆ, ಎರಡೂ ಕಡೆಯವರು ಹೂಂ ಅನ್ನಬೇಕು. ಅಮೆರಿಕದ ಪುಟ ಬ್ರಿಟನ್ ಪುಟವನ್ನು ತೋರಿಸಿ, ಬ್ರಿಟನ್ ಪುಟ ತಿರುಗಿ ಅಮೆರಿಕದ್ದನ್ನು ತೋರಿಸದಿದ್ದರೆ ಆ ಜೋಡಿಯನ್ನು ಗೂಗಲ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೀಗೆ ನಿಯಮ ಇರುವುದು ಒಳ್ಳೆಯದೇ. ಇಲ್ಲದಿದ್ದರೆ ಯಾರೋ ಗುರುತಿಲ್ಲದವರು ತಮ್ಮ ಪುಟ ನಿಮ್ಮ ಪುಟದ ಇನ್ನೊಂದು ರೂಪ ಅಂತ ಹೇಳಿಕೊಳ್ಳಬಹುದಿತ್ತು.

ಗುರುತಿನಲ್ಲಿ ಮೊದಲು ಭಾಷೆ, ಆಮೇಲೆ ದೇಶ. ಬರೀ ಭಾಷೆ ಬರೆದರೆ ನಡೆಯುತ್ತದೆ, ಬರೀ ದೇಶ ಬರೆದರೆ ನಡೆಯುವುದಿಲ್ಲ. ಬ್ರಿಟನ್‌ಗೆ ಎಲ್ಲರೂ ಯುಕೆ ಅಂತ ಬರೆಯುತ್ತಾರೆ, ಸರಿಯಾದದ್ದು ಜಿಬಿ. ಯುರೋಪಿಗೆಲ್ಲ ಸೇರಿ ಇಯು ಅಂತ ಹಾಕಿದರೂ ಕೆಲಸ ಮಾಡುವುದಿಲ್ಲ. ಬೆಲ್ಜಿಯಂ ಅಂತ ಬಿಇ ಒಂದನ್ನೇ ಬರೆದರೆ ಅದು ಬೆಲರೂಸಿಯನ್ ಭಾಷೆ ಅಂತಾಗುತ್ತದೆ.

ನಮ್ಮ ಭಾಷೆಯ ಗುರುತನ್ನೂ ತಿಳಿದಿರೋಣ. ಕನ್ನಡಕ್ಕೆ ಕೆಎನ್. ಕರ್ನಾಟಕ ಅಂತ ನೆನೆದು ಕೆಎ ಬರೆದುಬಿಟ್ಟರೆ ಅದು ಜಾರ್ಜಿಯನ್ ಭಾಷೆ. ಕೆಎನ್ ಅನ್ನು ದೇಶದ ಜಾಗದಲ್ಲಿ ಇಟ್ಟರೆ ಕೆರಿಬಿಯನ್‌ನ ಸೇಂಟ್ ಕಿಟ್ಸ್ ಅಂಡ್ ನೆವಿಸ್ ದೇಶ. ಕನ್ನಡ ಪುಟ ಮಾಡಿದರೆ ಕೆಎನ್-ಐಎನ್ ಅಂತ ಬರೆಯಿರಿ. ದಯವಿಟ್ಟು ಕನ್ನಡ ಪುಟ ಮಾಡಿ. ಬೀದರ್‌ನ ವಸ್ತುವಿನ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಬೀದರ್‌ನವರದೇ ಪುಟ ಸಿಗಬೇಕು ಅಂತ ನನಗೆ ತುಂಬ ಆಸೆ.

ಒಂದು ಮಾತು ನೆನಪಿರಲಿ. ಎಚ್‌ರೆಫ್‌ಲ್ಯಾಂಗ್ ಹಾಕಿದ್ದಕ್ಕೆ ನಿಮ್ಮ ಪುಟ ಮೇಲೆ ಏರುವುದಿಲ್ಲ. ಬರುವ ಜಾಗದಲ್ಲೇ, ರೂಪಾಯಿ ಪುಟದ ಬದಲು ಪೌಂಡ್ ಪುಟ ಬರುತ್ತದೆ, ಅಷ್ಟೇ ಅದರ ಕೆಲಸ. ಮೈಕ್ರೋಸಾಫ್ಟ್‌ನ ಬಿಂಗ್ ಇದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಅದು ಕಂಟೆಂಟ್-ಲ್ಯಾಂಗ್ವೇಜ್ ಅನ್ನುವ ಮೆಟಾ ಟ್ಯಾಗ್ ಕಡೆ ನೋಡುತ್ತದೆ, ಅದನ್ನೂ ಹಾಕಿಡಿ.

ಕೆನಾನಿಕಲ್ ಟ್ಯಾಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಂದೇ ಥರದ ಪುಟಗಳಲ್ಲಿ ಮುಖ್ಯವಾದದ್ದು ಯಾವುದು ಅಂತ ಗೂಗಲ್‌ಗೆ ಹೇಳುವ ಗುರುತು ಅದು. ಪ್ರತಿ ದೇಶದ ಪುಟದ ಕೆನಾನಿಕಲ್ ತನ್ನನ್ನೇ ತೋರಿಸಬೇಕು. ಇಂಗ್ಲಿಷ್ ಒಂದೇ ತಾನೇ ಅಂತ ಬ್ರಿಟನ್ ಪುಟದ ಕೆನಾನಿಕಲ್ ಅನ್ನು ಅಮೆರಿಕದ ಪುಟಕ್ಕೆ ಕೊಟ್ಟರೆ, “ಬ್ರಿಟನ್ ಪುಟವನ್ನು ಬಿಟ್ಟುಬಿಡು” ಅಂತ ನೀವೇ ಗೂಗಲ್‌ಗೆ ಹೇಳಿದ ಹಾಗೆ.

ಗಿರಾಕಿಯನ್ನು ಬಲವಂತವಾಗಿ ತಿರುಗಿಸಬೇಡಿ

ಈ ತಪ್ಪನ್ನು ನಾನೇ ಮಾಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತೇನೆ. ಫೋಲ್ಡರ್ ಎಲ್ಲ ಸಿದ್ಧವಾದ ಮೇಲೆ, ಯಾರು ಯಾವ ದೇಶದಿಂದ ಬಂದರೂ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ಅವರ ಸಾಧನಕ್ಕೆ ಇರುವ ಸಂಖ್ಯೆ) ನೋಡಿ ಅವರ ದೇಶದ ಪುಟಕ್ಕೆ ತಾನೇ ಕಳಿಸುವ ಪ್ಲಗಿನ್ ಒಂದನ್ನು ಹಾಕಿದೆ. ಅನುಕೂಲ ಆಗುತ್ತದೆ ಅಂದುಕೊಂಡಿದ್ದೆ. ಕೆಲವು ವಾರದಲ್ಲಿ ಬ್ರಿಟನ್ ಪುಟಗಳು ಒಂದೊಂದಾಗಿ ಗೂಗಲ್‌ನಿಂದ ಕಾಣೆಯಾದವು.

ಕಾರಣ ಸರಳ. ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಬಾಟ್ ಹೆಚ್ಚಾಗಿ ಅಮೆರಿಕದ ಐಪಿಯಿಂದಲೇ ಬರುತ್ತದೆ. ಅದು ಬ್ರಿಟನ್ ಪುಟ ತೆರೆಯಲು ಬಂದಾಗೆಲ್ಲ ನನ್ನ ಪ್ಲಗಿನ್ ಅದನ್ನು ಅಮೆರಿಕದ ಪುಟಕ್ಕೆ ಅಟ್ಟುತ್ತಿತ್ತು. ಬ್ರಿಟನ್ ಪುಟ ಇದೆ ಅಂತಲೇ ಅದಕ್ಕೆ ಗೊತ್ತಾಗಲಿಲ್ಲ. ಆ ತಿಂಗಳು ಲಂಡನ್ನಿನಿಂದ ಒಂದು ಆರ್ಡರ್ ಕೂಡ ಬರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಬಗ್ಗಿ ಕೂತು ತಂತಿ ಬಡಿಯುವ ಆ ಹುಡುಗನ ತಂದೆಯ ಮುಖ ನೋಡುವುದು ನನಗೆ ಕಷ್ಟವಾಯಿತು.

ಈಗ ಮಾಡಿರುವುದು ಇಷ್ಟು. ಪುಟದ ಮೇಲ್ಗಡೆ ಒಂದು ಸಣ್ಣ ಪಟ್ಟಿ ಬರುತ್ತದೆ: “ನೀವು ಬ್ರಿಟನ್‌ನಲ್ಲಿದ್ದೀರಾ? ಪೌಂಡ್ ಬೆಲೆಯ ಪುಟ ಇಲ್ಲಿದೆ.” ಒತ್ತುವುದು ಬಿಡುವುದು ಅವರಿಗೆ ಸೇರಿದ್ದು. ಪುಟದ ಕೆಳಗೆ ಎಲ್ಲ ದೇಶಗಳ ಲಿಂಕ್ ಮಾಮೂಲಿ ಲಿಂಕ್ ಆಗಿಯೇ ಇದೆ. ಅದನ್ನು ಹಿಡಿದು ಬಾಟ್ ಎಲ್ಲ ಕಡೆ ಹೋಗಿ ಬರುತ್ತದೆ.

ಅವರ ಬಾಯಲ್ಲಿ ಇರುವ ಮಾತು

ಕೋಡ್ ಕೆಲಸ ಒಂದು ವಾರದಲ್ಲಿ ಮುಗಿಯುತ್ತದೆ. ಮಾತಿನ ಕೆಲಸಕ್ಕೆ ಜಾಸ್ತಿ ದಿನ ಬೇಕು, ಮತ್ತು ಮಾರಾಟ ಆಗುವುದು ಇದರಿಂದಲೇ.

ಇಂಗ್ಲಿಷ್‌ನಲ್ಲೇ ಶುರು ಮಾಡೋಣ. ನಾವು ಬಿದರಿ ಒಡವೆ ಪೆಟ್ಟಿಗೆ ಮಾರುತ್ತೇವೆ. ಅಮೆರಿಕದವರು ಜ್ಯುವೆಲ್ರಿ ಅಂತ ಬರೆಯುವ ಕಡೆ ಬ್ರಿಟನ್‌ನವರು ಒಂದು ಎಲ್, ಒಂದು ಇ ಸೇರಿಸಿ ಬರೆಯುತ್ತಾರೆ. ಕಲರ್ ಅನ್ನುವ ಪದಕ್ಕೆ ಅವರದು ಒಂದು ಯು ಜಾಸ್ತಿ. ಗೂಗಲ್ ಇವನ್ನು ಅರ್ಥ ಮಾಡಿಕೊಳ್ಳುತ್ತದೆ, ನಿಜ. ಆದರೆ ತಮ್ಮ ಊರಿನ ಕಾಗುಣಿತ ಕಂಡರೆ “ಇದು ನನಗಾಗಿ ಇರುವ ಅಂಗಡಿ” ಅಂತ ಓದುವವರಿಗೆ ಅನ್ನಿಸುತ್ತದೆ, ಒತ್ತುತ್ತಾರೆ. ಅಮೆರಿಕದವರಿಗೆ ಅಳತೆಯನ್ನು ಇಂಚು, ಪೌಂಡ್ ತೂಕದಲ್ಲಿ ಕೊಡಿ. ಜರ್ಮನಿಗೆ ಸೆಂಟಿಮೀಟರ್, ಗ್ರಾಂ.

ಹಬ್ಬಗಳನ್ನೂ ನೋಡಿಕೊಳ್ಳಿ. ತಾಯಂದಿರ ದಿನ ಅಮೆರಿಕದಲ್ಲಿ ಮೇ ತಿಂಗಳ ಎರಡನೇ ಭಾನುವಾರ. ಬ್ರಿಟನ್‌ನಲ್ಲಿ ಅದು ಮಾರ್ಚ್‌ನಲ್ಲಿ, ತಪ್ಪಿದರೆ ಏಪ್ರಿಲ್ ಮೊದಲಲ್ಲಿ ಬರುತ್ತದೆ. ಎರಡೂ ದೇಶಕ್ಕೆ ಒಂದೇ ಉಡುಗೊರೆ ಪುಟ ಇಟ್ಟರೆ ಒಂದು ಕಡೆ ಮುಗಿದುಹೋದ ಹಬ್ಬಕ್ಕೆ ಮಾಲು ಮಾರಿದ ಹಾಗಾಗುತ್ತದೆ.

ಜರ್ಮನ್ ಪುಟಕ್ಕೆ ಮೊದಲು ಯಂತ್ರದ ಅನುವಾದ ಹಾಕಿದ್ದೆವು. ಬರ್ಲಿನ್‌ನಲ್ಲಿ ಓದುತ್ತಿರುವ ನಮ್ಮ ಕಡೆಯ ಹುಡುಗಿಯೊಬ್ಬಳು ಅದನ್ನು ಅಲ್ಲಿನ ಗೆಳತಿಯ ಜೊತೆ ಕೂತು ಓದಿದಳು. ಬೆಳ್ಳಿ ಕೂರಿಸಿದ ಕೆಲಸ ಅನ್ನುವುದಕ್ಕೆ ಯಂತ್ರ ಕೊಟ್ಟ ಪದದಿಂದ ಬೆಳ್ಳಿಯ ತುಂಡು ಒಳಗೆ ಸುಮ್ನೆ ಇಟ್ಟಿದ್ದಾರೆ ಅನ್ನುವ ಅರ್ಥ ಬರುತ್ತಿತ್ತಂತೆ. ಲೋಹದಲ್ಲಿ ಲೋಹ ಬಡಿದು ಕೂರಿಸುವ ಕಲೆಗೆ ಜರ್ಮನ್‌ನಲ್ಲಿ ತೌಶೀರುಂಗ್ ಅನ್ನುವ ಹೆಸರೇ ಇದೆ. ಹಳೆಯ ಲೋಹದ ಕೆಲಸ ಗೊತ್ತಿದ್ದವರು ಹುಡುಕುವುದು ಆ ಪದದಿಂದ. ಆ ಒಂದು ಪದ ನಮಗೆ ಯಾವ ಟೂಲ್‌ನಿಂದಲೂ ಸಿಕ್ಕಿರಲಿಲ್ಲ. ಯಂತ್ರದಿಂದ ಸಾವಿರ ಪುಟ ಮಾಡಿ, ಯಾರೂ ಓದಿ ನೋಡದೆ ಸುರಿದರೆ ಗೂಗಲ್ ಅದನ್ನು ಸ್ಪ್ಯಾಮ್ ಅಂತ ಎಣಿಸಬಹುದು. ಹತ್ತೇ ಪುಟ ಮಾಡಿ, ಆ ಭಾಷೆ ಆಡುವವರಿಂದ ಓದಿಸಿ.

ಬ್ರಿಟನ್‌ನಲ್ಲಿ ಬಿದರಿ ಹೆಸರು ಗೊತ್ತಿರುವವರು ಇದ್ದಾರೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಹಳೆಯ ಬಿದರಿ ಹುಕ್ಕಾ ಬುಡಗಳಿವೆ. ಅದನ್ನು ನೋಡಿದವರು ಬಿದರಿವೇರ್ ಅಂತ ಹುಡುಕುತ್ತಾರೆ. ಹೆಸರು ಗೊತ್ತಿಲ್ಲದವರು ಕಪ್ಪು ಹೂದಾನಿ, ಬೆಳ್ಳಿ ಕೆತ್ತನೆ ಅಂತ ಹುಡುಕುತ್ತಾರೆ. ಎರಡೂ ಮಾತು ಪುಟದಲ್ಲಿ ಇರಲಿ. ಬೇಳೆಗೂ ಹಾಗೆಯೇ. 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಸೇರಿದ ವಸ್ತು ಅನ್ನುವ ಗುರುತು, ಪಡೆದ ಕಲಬುರಗಿ ತೊಗರಿಬೇಳೆಯನ್ನು ದುಬೈನಲ್ಲಿರುವ ಗುಜರಾತಿಗಳು ತುವರ್ ಅಂದರೆ ಉತ್ತರದವರು ಅರ್ಹರ್ ಅಂತಾರೆ, ಇಂಗ್ಲಿಷ್‌ನವರಿಗೆ ಅದು ಪಿಜನ್ ಪೀ.

ಪದ ಹುಡುಕಲು ಗೂಗಲ್ ಟ್ರೆಂಡ್ಸ್‌ನಲ್ಲಿ ದೇಶ ಆರಿಸಿ ಎರಡು ಪದ ಹೋಲಿಸಿ. ಅಲ್ಲಿನ ಫಲಿತಾಂಶ ನೋಡಲು ಬೀದರ್‌ನಲ್ಲಿ ಕೂತು ಬ್ರಿಟನ್ ಗೂಗಲ್ ವಿಳಾಸ ಟೈಪ್ ಮಾಡಿದರೆ ಪ್ರಯೋಜನ ಇಲ್ಲ. 2017ರಿಂದ ಗೂಗಲ್ ನೀವು ಎಲ್ಲಿದ್ದೀರಿ ಅನ್ನುವುದನ್ನೇ ನೋಡುತ್ತದೆ. ಗೂಗಲ್‌ನ ಸರ್ಚ್ ಸೆಟ್ಟಿಂಗ್ಸ್‌ನಲ್ಲಿ ರಿಸಲ್ಟ್ಸ್ ರೀಜನ್ ಬದಲಿಸಿ ನೋಡಿ.

ಇವೆಲ್ಲಕ್ಕಿಂತ ಒಳ್ಳೆಯ ಜಾಗ ನಿಮ್ಮ ವಾಟ್ಸಾಪ್. ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಮಗೆ ಹೊರಗಿನವರು ಪದೇ ಪದೇ ಕೇಳುತ್ತಿದ್ದದ್ದು ಒಂದೇ: “ಈ ಕಪ್ಪು ಬಣ್ಣ ಹೋಗುತ್ತಾ?” ಒಂದು ದಿನ ಕಾರ್ಖಾನೆಗೆ ಹೋಗಿ ಅವರು ಕಪ್ಪು ಮಾಡುವುದನ್ನೇ ನೋಡಿದೆ. ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರ, ನೀರು ಸೇರಿಸಿ ಕಾಯಿಸುತ್ತಾರೆ. ಬೂದು ಬಣ್ಣದ ಹೂದಾನಿಯನ್ನು ಅದರಲ್ಲಿ ಅದ್ದುತ್ತಾರೆ. ಸತು–ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ತೊಳೆದು, ಒರೆಸಿ, ಎಣ್ಣೆ ತಿಕ್ಕುತ್ತಾರೆ. ಅದು ಬಳಿದ ಬಣ್ಣ ಅಲ್ಲ, ಲೋಹವೇ ಕಪ್ಪಾಗಿರುವುದು. ಇದನ್ನೇ ನಾಲ್ಕು ಫೋಟೋ ಹಾಕಿ, ಪ್ರಶ್ನೆಯನ್ನೇ ತಲೆಬರಹ ಮಾಡಿ ಬರೆದೆ. ಒದ್ದೆ ಬಟ್ಟೆ ಬೇಡ, ಒಣ ಬಟ್ಟೆಯಿಂದ ಒರೆಸಿ ಅಂತಲೂ ಸೇರಿಸಿದೆ. ಸರ್ಚ್ ಕನ್ಸೋಲ್‌ನಲ್ಲಿ ಈಗ ಇದೇ ಪ್ರಶ್ನೆ ಹಿಡಿದು ಬರುವವರು ಕಾಣುತ್ತಾರೆ.

ಬೆಲೆ, ಸುಂಕ, ಸ್ಟಾಕ್

ಪ್ರತಿ ವಸ್ತುವಿನ ಪುಟದಲ್ಲಿ ಪ್ರಾಡಕ್ಟ್ ಸ್ಟ್ರಕ್ಚರ್ಡ್ ಡೇಟಾ, ಅಂದರೆ ವಸ್ತುವಿನ ವಿವರವನ್ನು ಗೂಗಲ್‌ಗೆ ತಿಳಿಯುವ ಹಾಗೆ ಕೋಡ್‌ನಲ್ಲಿ ಬರೆದದ್ದು, ಇರಲಿ. ಅದರಲ್ಲಿ ಬೆಲೆ, ಹಣದ ಗುರುತು, ಸ್ಟಾಕ್ ಇದೆಯೋ ಇಲ್ಲವೋ ಬರೆಯಬೇಕು. ಬ್ರಿಟನ್ ಪುಟದಲ್ಲಿ ಜಿಬಿಪಿ, ಅಮೆರಿಕದ ಪುಟದಲ್ಲಿ ಯುಎಸ್‌ಡಿ, ಜರ್ಮನಿಗೆ ಇಯುಆರ್. ಕಣ್ಣಿಗೆ ಕಾಣುವ ಬೆಲೆ, ಕೋಡ್‌ನಲ್ಲಿರುವ ಬೆಲೆ, ಗೂಗಲ್‌ನಲ್ಲಿ ವಸ್ತು ತೋರಿಸಲು ವಿವರ ಕೊಡುವ ಮರ್ಚೆಂಟ್ ಸೆಂಟರ್‌ಗೆ ಕಳಿಸಿದ ಬೆಲೆ ಮೂರೂ ಒಂದೇ ಇರಬೇಕು. ವ್ಯತ್ಯಾಸ ಬಂದರೆ ಆ ವಸ್ತುವನ್ನು ಅಲ್ಲಿ ತಡೆಯಬಹುದು. ಡಾಲರ್ ದರ ಏರಿಳಿದಾಗೆಲ್ಲ ಬೆಲೆ ಬದಲಿಸಬೇಡಿ, ಒಂದು ಗುಂಡಗಿನ ಬೆಲೆ ಇಟ್ಟು ತಿಂಗಳಿಗೊಮ್ಮೆ ನೋಡಿ.

ಸುಂಕದ ವಿಷಯ ಪುಟದಲ್ಲೇ ತೆರೆದು ಹೇಳಿ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸಲ್‌ಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ. ಬ್ರಿಟನ್‌ನಲ್ಲಿ 135 ಪೌಂಡ್‌ವರೆಗಿನ ಮಾಲಿಗೆ ಮಾರುವಾಗಲೇ ವ್ಯಾಟ್ (ಅಲ್ಲಿನ ಮಾರಾಟ ತೆರಿಗೆ) ಸೇರಿಸಬೇಕು. ಯುರೋಪಿನ ಒಕ್ಕೂಟದಲ್ಲಿ 150 ಯೂರೋವರೆಗಿನ ಮಾಲಿಗೆ ಮಾರುವಾಗಲೇ ವ್ಯಾಟ್ ಪಡೆದು ಕಟ್ಟಲು ಐಒಎಸ್‌ಎಸ್ ಅನ್ನುವ ವ್ಯವಸ್ಥೆ ಇದೆ. ಲೆಕ್ಕಪತ್ರದವರ ಹತ್ತಿರ ಕೂತು ನಿಮ್ಮ ವಸ್ತುವಿಗೆ ಎಷ್ಟು ಬೀಳುತ್ತದೆ ಅಂತ ಕೇಳಿ, ದೇಶಕ್ಕೊಂದು ಪುಟ ಬರೆಯಿರಿ. ಎಷ್ಟು ದಿನಕ್ಕೆ ತಲುಪುತ್ತದೆ, ಒಡೆದರೆ ಏನು, ವಾಪಸ್ ಹೇಗೆ, ಎಲ್ಲ ಅದರಲ್ಲೇ ಇರಲಿ.

ಕೈಕೆಲಸದ ವಸ್ತು ಮುಗಿದರೆ ಪುಟ ಅಳಿಸಬೇಡಿ. ಒಂದು ಹೂದಾನಿ ಮಾಡಲು ವಾರಗಟ್ಟಲೆ ಹಿಡಿಯುತ್ತದೆ. ಪುಟ ಇರಲಿ, “ಹೇಳಿ ಮಾಡಿಸಬಹುದು, ಇಷ್ಟು ದಿನ ಬೇಕು” ಅಂತ ಬರೆಯಿರಿ. ಅಳಿಸಿದರೆ ಅದಕ್ಕೆ ಸಿಕ್ಕ ಲಿಂಕ್, ಜಾಗ ಎಲ್ಲ ಹೋಗುತ್ತದೆ.

ವೇಗ ಮತ್ತು ಲಿಂಕ್

ಕಪ್ಪು ಹೊಳಪಿನ ವಸ್ತು ಚೆಂದ ಕಾಣಲಿ ಅಂತ ಎಲ್ಲರೂ ದೊಡ್ಡ ಫೋಟೋ ಹಾಕುತ್ತಾರೆ. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಬರಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ಫೋಟೋವನ್ನು ಕಡಿಮೆ ಜಾಗ ಹಿಡಿಯುವ ವೆಬ್‌ಪಿ ರೂಪಕ್ಕೆ ತಂದು ಚಿಕ್ಕದು ಮಾಡಿ. ಸಿಡಿಎನ್ (ಹಲವು ದೇಶಗಳಲ್ಲಿ ಹರಡಿರುವ ಸರ್ವರ್‌ಗಳ ಜಾಲ) ಹಾಕಿಸಿ, ಆಗ ಫೋಟೋ ಗಿರಾಕಿಗೆ ಹತ್ತಿರದ ಸರ್ವರ್‌ನಿಂದ ಹೋಗುತ್ತದೆ.

ಲಿಂಕ್ ದುಡ್ಡು ಕೊಟ್ಟು ಕೊಳ್ಳಬೇಡಿ. ಬಿದರಿಗೆ ಜಿಐ ಗುರುತಿದೆ. 2023ರಲ್ಲಿ ಬೀದರ್‌ನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಈ ಕಲೆಯ ಬಗ್ಗೆ ಬರೆಯಬೇಕು ಅನ್ನುವವರು ಹೊರದೇಶದಲ್ಲೂ ಇದ್ದಾರೆ. ಅಲ್ಲಿನ ಕರಕುಶಲ ಪತ್ರಿಕೆ, ಕನ್ನಡ ಕೂಟ, ಸಣ್ಣ ಉಡುಗೊರೆ ಅಂಗಡಿಗಳಿಗೆ ಒಳ್ಳೆಯ ಫೋಟೋ ಜೊತೆ ಪತ್ರ ಬರೆಯಿರಿ. ಬ್ರಿಟನ್‌ನವರು ಲಿಂಕ್ ಕೊಟ್ಟರೆ ಬ್ರಿಟನ್ ಫೋಲ್ಡರ್‌ಗೇ ಕೊಡಲು ಕೇಳಿ.

ಹಾಕಿದ ಮೇಲೆ ನೋಡುವುದು

ಹಳೆಯ ವಿಡಿಯೊಗಳಲ್ಲಿ ಸರ್ಚ್ ಕನ್ಸೋಲ್‌ನ ಇಂಟರ್‌ನ್ಯಾಷನಲ್ ಟಾರ್ಗೆಟಿಂಗ್ ವರದಿ ನೋಡಿ ಅಂತ ಹೇಳುತ್ತಾರೆ. ಅದು 2022ರಲ್ಲೇ ಹೋಯಿತು, ಹುಡುಕಿ ಸಮಯ ಕಳೆಯಬೇಡಿ. ಈಗ ಮಾಡಬೇಕಾದದ್ದು ಬೇರೆ. ಪ್ರತಿ ಫೋಲ್ಡರನ್ನೂ ಸರ್ಚ್ ಕನ್ಸೋಲ್‌ನಲ್ಲಿ ಬೇರೆ ಬೇರೆ ಪ್ರಾಪರ್ಟಿ ಆಗಿ ಸೇರಿಸಿ. ಮುಖ್ಯ ಪುಟಗಳ ವಿಳಾಸವನ್ನು ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಹಾಕಿ. ಗೂಗಲ್ ಆರಿಸಿದ ಕೆನಾನಿಕಲ್ ಯಾವುದು ಅಂತ ಅಲ್ಲಿ ಬರೆದಿರುತ್ತದೆ. ಬ್ರಿಟನ್ ಪುಟ ಹಾಕಿದಾಗ ಅಮೆರಿಕದ ವಿಳಾಸ ತೋರಿಸಿದರೆ, ಎರಡೂ ಪುಟ ಒಂದೇ ಥರ ಇವೆ ಅಂತ ಗೂಗಲ್ ಎರಡನ್ನೂ ಸೇರಿಸಿಬಿಟ್ಟಿದೆ. ಆಗ ಬ್ರಿಟನ್ ಪುಟದ ಬೆಲೆ, ಅಳತೆ, ತಲುಪುವ ದಿನ, ಅಲ್ಲಿನ ಗಿರಾಕಿಯ ಮಾತು ಇವುಗಳನ್ನು ಗಟ್ಟಿ ಮಾಡಬೇಕು.

ನಮ್ಮ ಬ್ರಿಟನ್ ಪುಟಗಳು ಪ್ಲಗಿನ್ ತೆಗೆದ ಮೇಲೆ ತಿರುಗಿ ಬರಲು ಮೂರು ತಿಂಗಳು ಹಿಡಿಯಿತು. ಜರ್ಮನ್ ಪುಟಗಳಲ್ಲಿ ಹೂದಾನಿಯದು ಮಾತ್ರ ಬಂದಿದೆ, ಒಡವೆ ಪೆಟ್ಟಿಗೆಯದು ಇನ್ನೂ ಬಂದಿಲ್ಲ. ಅದರ ವಿವರಣೆಯನ್ನು ಬರ್ಲಿನ್ ಹುಡುಗಿಗೆ ಕಳಿಸಿದ್ದೇವೆ. ಅವಳು ಓದಿ ತಿದ್ದಿ ಕಳಿಸಿದ ಮೇಲೆ ಹಾಕುತ್ತೇವೆ.